ಅರೆತಲೆನೋವಿಗೆ ಚೀನೀ ಬೇರುಗಳು: ಸಿಂಗಪುರದ ಕನ್ನಡ ಗುಂಪಿನಲ್ಲಿ ಫಾರ್ಮಸಿಸ್ಟ್ ಜೊತೆ ಪ್ರಶ್ನೋತ್ತರ

ವೀಣಾ: ಮೇಡಂ, ಕಾಲೇಜು ದಿನಗಳಿಂದ ಮೈಗ್ರೇನ್ ಇದೆ. ಚೈನಾಟೌನ್ ಅಂಗಡಿಯಲ್ಲಿ ‘ಚುವಾನ್‌ಶಿಯೋಂಗ್ ಚಾ ತಿಯಾವೊ’ ಅನ್ನೋ ಪುಡಿ ಕೊಟ್ಟರು. ತೊಗೋಬಹುದಾ?

ಫಾರ್ಮಸಿಸ್ಟ್: ಅದು ಸೋಂಗ್ ಅರಸರ ಕಾಲದ ಸರ್ಕಾರಿ ಔಷಧ ಗ್ರಂಥದಲ್ಲೇ ಇರುವ ಪುಡಿ. ಚುವಾನ್‌ಶಿಯೋಂಗ್ ಬೇರು, ಪುದೀನ, ಅತಿಮಧುರ ಎಲ್ಲ ಸೇರಿರುತ್ತೆ, ಚಹಾ ಜೊತೆ ಕುಡಿಯೋದು. ಚೀನಾದಲ್ಲಿ ಪ್ರಯೋಗಗಳು ನಡೆದಿವೆ, ನೋವು ಕಡಿಮೆಯಾಯಿತು ಅಂತಲೂ ಬರೆದಿದ್ದಾರೆ. ಆದರೆ ಹೆಚ್ಚಿನವು ಚಿಕ್ಕವು, ಗಟ್ಟಿಯಾಗಿ ನಂಬುವಂಥವಲ್ಲ. ಇದರಲ್ಲಿ ಶೀಶಿನ್ ಅನ್ನೋ ಗಿಡವೂ ಇರುತ್ತೆ. ಅದರ ಎಲೆಯಲ್ಲಿ ಕಿಡ್ನಿ ಕೆಡಿಸುವ ಅರಿಸ್ಟೊಲೋಕಿಕ್ ಆಮ್ಲ ಬರಬಹುದು. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸೋ ಮಾತ್ರೆಗೆ ಒಂದು ಚೀನೀ ಬೇರಿನ ಬದಲು ಈ ಆಮ್ಲ ಇರುವ ಇನ್ನೊಂದು ಸೇರಿ, ನೂರಕ್ಕೂ ಹೆಚ್ಚು ಜನರ ಕಿಡ್ನಿ ಹಾಳಾಯಿತು. ಲೇಬಲ್ ಇಲ್ಲದ ಪುಡಿ ಬೇಡ.

ರಮೇಶ್: *ಫಾರ್ವರ್ಡ್* ಚೀನೀ ವೈದ್ಯರ ಗುಟ್ಟು! ದಿನಾ 3 ಚಮಚ ಕುದಿಸಿ ಕುಡಿದರೆ 7 ದಿನದಲ್ಲಿ ಮೈಗ್ರೇನ್ ಬುಡಸಮೇತ ಮಾಯ. ಸೈಡ್ ಎಫೆಕ್ಟ್ ಇಲ್ಲ. ಎಲ್ಲರಿಗೂ ಕಳಿಸಿ.

ಫಾರ್ಮಸಿಸ್ಟ್: ಯಾವುದರ 3 ಚಮಚ? ಬೇರಿನ ಹೆಸರೇ ಇಲ್ಲ. ಡಿಲೀಟ್ ಮಾಡಿ.

ದೀಪಾ: ತಲೆನೋವಿಗೆ ತಿಯಾನ್‌ಮಾ ಅನ್ನೋ ಚೀನೀ ಗಡ್ಡೆ ಹಾಕಿ ಮೀನಿನ ತಲೆ ಸೂಪ್ ಮಾಡುತ್ತಾರಂತೆ. ನಾವು ಸಸ್ಯಾಹಾರಿಗಳು, ಬೇಳೆ ಸಾರಿಗೆ ಹಾಕಬಹುದಾ?

ಶ್ರುತಿ: ಹಾಸನದಿಂದ ಅಮ್ಮ ಬಂದಿದ್ದಾರೆ, 62 ವರ್ಷ. ಹಾರ್ಟ್ ವಾಲ್ವ್ ಹಾಕಿಸಿದ್ದಾರೆ, ಅದಕ್ಕೆ ಅಸಿಟ್ರಾಮ್ ಮಾತ್ರೆ ನಡೀತಿದೆ. ಇಲ್ಲಿ ಬಂದ ಮೇಲೆ ತಲೆನೋವು ಶುರುವಾಯಿತು. ಪಕ್ಕದ ಮನೆ ಆಂಟಿ ಮೈಗ್ರೇನ್ ಅಂತ ದಾಂಗ್‌ಗ್ವಿ, ಚುವಾನ್‌ಶಿಯೋಂಗ್ ಕಷಾಯ ಕೊಡುತ್ತಿದ್ದಾರೆ. ನಿನ್ನೆಯಿಂದ ಹಲ್ಲುಜ್ಜುವಾಗ ವಸಡಲ್ಲಿ ರಕ್ತ. ಪೇಸ್ಟ್ ಬದಲಿಸಲಾ?

ಫಾರ್ಮಸಿಸ್ಟ್: ಶ್ರುತಿ, ಪೇಸ್ಟ್ ವಿಷಯ ಬಿಡಿ. ಕಷಾಯ ಈಗಲೇ ನಿಲ್ಲಿಸಿ. ಆದರೆ ಅಸಿಟ್ರಾಮ್ ನೀವಾಗಿ ನಿಲ್ಲಿಸಬೇಡಿ, ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಿದರೆ ಅದು ಬೇರೆಯೇ ಅಪಾಯ. ಇವತ್ತಿನ ಮಾತ್ರೆ ಕೊಡಬೇಕಾ ಬೇಡವಾ ಅಂತ ಆಸ್ಪತ್ರೆಯಲ್ಲೇ ಕೇಳಿ. ಅಸಿಟ್ರಾಮ್ ವಾರ್ಫರಿನ್ ಜಾತಿಯದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ. ವಾರ್ಫರಿನ್ ಜೊತೆ ದಾಂಗ್‌ಗ್ವಿ ತೊಗೊಂಡು ಐಎನ್‌ಆರ್ (ರಕ್ತ ಹೆಪ್ಪುಗಟ್ಟೋದು ಎಷ್ಟು ತಡ ಅನ್ನೋ ಅಳತೆ) ಏರಿದ್ದು ದಾಖಲಾಗಿದೆ. ಚುವಾನ್‌ಶಿಯೋಂಗ್ ಮೇಲೂ ಅದೇ ಅನುಮಾನ. ಅಮ್ಮನ ತೋಳು, ಮೊಣಕಾಲಿನ ಹತ್ತಿರ ನೀಲಿ ಕಲೆ ಇದೆಯಾ ನೋಡಿ.

ನನಗೆ ಜಾಸ್ತಿ ಭಯ ಇನ್ನೊಂದು. 62ಕ್ಕೆ ಹೊಸದಾಗಿ ಶುರುವಾದ ನೋವಿಗೆ ಪರೀಕ್ಷೆ ಮಾಡದೆ ಮೈಗ್ರೇನ್ ಅನ್ನಬಾರದು. ಈ ಮಾತ್ರೆ ತೊಗೊಳ್ಳುವವರಿಗೆ ಹೊಸ ತಲೆನೋವು ಬಂದರೆ ಮೆದುಳಿನಲ್ಲಿ ರಕ್ತಸ್ರಾವ ಆಗಿದೆಯಾ ಅಂತ ಮೊದಲು ನೋಡಬೇಕು. ಬಿದ್ದಿದ್ದರಾ? ವಾರಗಳ ಹಿಂದೆ ಬಿದ್ದಿದ್ದರೂ ಲೆಕ್ಕಕ್ಕಿದೆ. ಈಗಲೇ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ. ತೂಕಡಿಸುತ್ತಿದ್ದರೆ, ವಾಂತಿ ಇದ್ದರೆ ಆಂಬುಲೆನ್ಸ್‌ಗೆ 995ಗೆ ಫೋನ್ ಮಾಡಿ. ಕಷಾಯದ ಬೇರು, ಮಾತ್ರೆ ಎರಡನ್ನೂ ಒಯ್ಯಿರಿ. ಅಸಿಟ್ರಾಮ್ ಅಂದರೆ ಇಲ್ಲಿ ಗೊತ್ತಾಗದೇ ಇರಬಹುದು, ಅಸೆನೊಕೂಮರಾಲ್ ಅಂತ ಹೇಳಿ.

ಮಂಜುನಾಥ್: ನಮ್ಮ ಆಯುರ್ವೇದ ಬಿಟ್ಟು ಚೀನಾ ಬೇರಿಗೆ ಬಿದ್ದರೆ ಹೀಗೇ ಆಗೋದು. ನಸ್ಯ ಮಾಡಿಸಿ, ಸಾಕು.

ಪ್ರಕಾಶ್: ನಮ್ಮ ಪುಡಿಗಳಲ್ಲೂ ಸೀಸ ಸಿಕ್ಕಿದೆ ಸ್ವಾಮಿ.

ಮಂಜುನಾಥ್: ಅದೆಲ್ಲ ಫಾರಿನ್ ಕಂಪನಿಗಳ ಪ್ರಚಾರ. ನಿಮ್ಮಂಥವರಿಂದಲೇ ನಮ್ಮದು ಹಿಂದೆ ಬಿದ್ದಿದ್ದು.

ಪ್ರಕಾಶ್: ನಿಮ್ಮಂಥವರು ಅಂದ್ರೆ? ಸರಿಯಾಗಿ ಮಾತಾಡಿ.

ಗಿರೀಶ್: ಮೈಗ್ರೇನ್‌ಗೆ ಚೀನೀ ಔಷಧಿ ಒಳ್ಳೆಯದಾ ಮೇಡಂ?

ಫಾರ್ಮಸಿಸ್ಟ್: ವೀಣಾಗೆ ಬರೆದದ್ದು ಓದಿ. ಮಂಜುನಾಥ್, ಪ್ರಕಾಶ್, ಜಗಳ ಬೇರೆ ಕಡೆ ಆಡಿ, ಇಲ್ಲೊಬ್ಬರು ಆಸ್ಪತ್ರೆಗೆ ಹೊರಡಬೇಕು. ಶ್ರುತಿ, ಹೊರಟ್ರಾ?

ಹರ್ಷ: ತಿಂಗಳಿಗೆ 20 ದಿನ ಪ್ಯಾರಸಿಟಮಾಲ್ ಬೇಕಾಗುತ್ತೆ. ಅದರ ಬದಲು ಈ ಪುಡಿ?

ಫಾರ್ಮಸಿಸ್ಟ್: ತಿಂಗಳಿಗೆ 15 ದಿನ ಅಥವಾ ಹೆಚ್ಚು ತೊಗೊಂಡು, ಮೂರು ತಿಂಗಳಿಗಿಂತ ಜಾಸ್ತಿ ಹಾಗೇ ನಡೆದರೆ ಮಾತ್ರೆಯೇ ತಲೆನೋವು ತರಬಹುದು. ಪುಡಿ ಬೇಡ. ನರರೋಗ ತಜ್ಞರನ್ನು ನೋಡಿ.

ರಮೇಶ್: ನಾನು ಕಳಿಸಿದ್ದರಲ್ಲಿ ತಪ್ಪೇನಿದೆ? ಒಳ್ಳೇದಕ್ಕೆ ಹಾಕಿದ್ದು.

ಫಾರ್ಮಸಿಸ್ಟ್: ಇನ್ನೂ ಡಿಲೀಟ್ ಆಗಿಲ್ಲ.

ಶ್ರುತಿ: ಮೇಡಂ, ಟ್ಯಾಕ್ಸಿಯಲ್ಲಿದ್ದೇವೆ. ಊರಿಂದ ಹೊರಡೋ ಮುಂಚೆ ಬಚ್ಚಲಲ್ಲಿ ಜಾರಿ ತಲೆ ತಾಗಿತ್ತಂತೆ. ನಾವು ಬೈತೀವಿ ಅಂತ ಹೇಳಿರಲಿಲ್ಲ.

ಫಾರ್ಮಸಿಸ್ಟ್: ಕೌಂಟರ್‌ನಲ್ಲಿ ಮೊದಲು ಅದನ್ನೇ ಹೇಳಿ. ಆಮೇಲೆ ಅಸೆನೊಕೂಮರಾಲ್. ಕಷಾಯ ಕೊನೆಗೆ.