ಟ್ರಯಲ್‌ಗೆ ಪೇಷಂಟ್ಸ್ ಸಿಗ್ತಿಲ್ಲ, ನಾಮಿನಿ ಕಾಲಂ ಬಂದ ತಕ್ಷಣ ಎದ್ದು ಹೋಗ್ತಾರೆ, ಏನ್ ಮಾಡ್ಲಿ?

ಓಪಿಡಿ_ಮೂಲೆ:
ದಾವಣಗೆರೆ ಕಡೆ ಒಂದು ಆಸ್ಪತ್ರೇಲಿ ಕ್ಲಿನಿಕಲ್ ಟ್ರಯಲ್ (ಔಷಧಿನ ಜನರ ಮೇಲೆ ಪರೀಕ್ಷೆ ಮಾಡಿ ನೋಡೋದು) ಕೋಆರ್ಡಿನೇಟರ್ ನಾನು. ಶುಗರ್ ಮಾತ್ರೆ ಟ್ರಯಲ್ ನಡೀತಿದೆ, 30 ಜನ ಬೇಕು, ನಾಲ್ಕು ತಿಂಗಳಿಗೆ ಸಿಕ್ಕಿದ್ದು 9. ಮೊನ್ನೆ ಜಗಳೂರು ಕಡೆಯ ಒಬ್ರು ಅಜ್ಜ ಬಂದಿದ್ರು, ಮುಕ್ಕಾಲು ಗಂಟೆ ಕೂತು ಎಲ್ಲಾ ಹೇಳ್ದೆ, ಹೂಂ ಹೂಂ ಅಂತಿದ್ರು. ಕನ್ಸೆಂಟ್ ಫಾರ್ಮಲ್ಲಿ (ಒಪ್ಪಿಗೆ ಪತ್ರ) ವರ್ಷದ ಆದಾಯ ಎಷ್ಟು ಅಂದಾಗ್ಲೇ ಮುಖ ಸಣ್ಣದಾಯ್ತು (ಬಿಪಿಎಲ್ ಕಾರ್ಡ್ ಹೋಗುತ್ತೆ ಅಂತ ಹೆದರಿಕೆ ಇರ್ಬೇಕು), ಆಮೇಲೆ ನಾಮಿನಿ ಯಾರು ಅಂದೆ, "ಎಲ್‌ಐಸಿಯವ್ರು ಕೇಳಿದ್ರು ಇದ್ನ, ಅಂದ್ರೆ ಸಾಯೋದು ಗ್ಯಾರಂಟಿ ಏನವ್ವಾ" ಅಂತ ಟವೆಲ್ ಕೊಡವಿ ಎದ್ದೇ ಬಿಟ್ರು. ಆ ಕಾಲಂ ಟ್ರಯಲ್‌ಗಳ ಬಗ್ಗೆ ಸರ್ಕಾರ ಮಾಡಿರೋ 2019ರ ರೂಲ್ಸ್‌ನಲ್ಲೇ ಇರೋದು, ನಾನು ತೆಗೆಯೋಕಾಗಲ್ಲ. ಸ್ಪಾನ್ಸರ್ (ಟ್ರಯಲ್ ಮಾಡಿಸ್ತಿರೋರು) ಕಡೆಯವರು ದಿನಾ ಪೋಸ್ಟರ್ ಹಾಕ್ಸಿ ಅಂತ ಮೇಲ್ ಮಾಡ್ತಾರೆ. ಪೋಸ್ಟರ್ ನೋಡಿ ಯಾರ್ ಬರ್ತಾರೆ ಸ್ವಾಮಿ.

ರಿಟೈರ್ಡ್_ಮೇಷ್ಟ್ರು:
ನಾನು ಒಂದು ಎಥಿಕ್ಸ್ ಕಮಿಟೀಲಿ (ಟ್ರಯಲ್ ಸರಿಯಾಗಿದ್ಯಾ ಅಂತ ನೋಡಿ ಒಪ್ಪಿಗೆ ಕೊಡೋ ಸಮಿತಿ) ಡಾಕ್ಟರ್ ಅಲ್ಲದ ಮೆಂಬರ್, ನಮ್ಮಂಥವರು ಒಬ್ಬರಾದ್ರೂ ಇರ್ಲೇಬೇಕು ಅಂತ ರೂಲ್ಸ್ ಇದೆ. ನಾಮಿನಿ ಅಂತ ಬರೆದಿರೋದು ಟ್ರಯಲ್‌ನಿಂದ ಸಾವಾದ್ರೆ ಪರಿಹಾರ ಯಾರಿಗೆ ಹೋಗ್ಬೇಕು ಅನ್ನೋದಕ್ಕೆ. ಇದನ್ನ ಫಾರ್ಮ್ ಮುಂದಿಡೋಕೆ ಮೊದಲೇ ಹೇಳಿ: ಟ್ರಯಲ್‌ನಿಂದ ತೊಂದ್ರೆ ಆದ್ರೆ ಚಿಕಿತ್ಸೆ ಸ್ಪಾನ್ಸರ್‌ದೇ ಖರ್ಚು, ಜೀವಕ್ಕೇ ಬಂದ್ರೆ ಮನೆಯವರಿಗೆ ದುಡ್ಡು, ಅದಕ್ಕೇ ಹೆಸರು ಕೇಳ್ತೀವಿ ಅಂತ. ಸಾವಿನ ಮಾತು ಕೊನೇಲಿ ಪೆನ್ನು ಕೈಗೆ ಕೊಟ್ಟಾಗ ಬಂದ್ರೆ ಯಾರಿಗಾದ್ರೂ ಎದೆ ಧಸಕ್ ಅನ್ನತ್ತೆ. ಇನ್ನೊಂದು, ನಮ್ಮ ಮುಂದೆ ಬರೋ ಕನ್ನಡ ಹಾಳೆಗಳಲ್ಲಿ "ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು" ಅಂತೆಲ್ಲಾ ಇರತ್ತೆ, ಮೂವತ್ತು ವರ್ಷ ಪಾಠ ಮಾಡಿದ ನನಗೇ ಎರಡ್ ಸಲ ಓದ್ಬೇಕಾಯ್ತು! "ಚೀಟಿ ಎತ್ತಿದ ಹಾಗೆ, ಯಾವ ಗುಂಪು ಅಂತ ಡಾಕ್ಟರೂ ಆರಿಸಲ್ಲ" ಅಂತ ಬರೆಸಿದ್ವಿ. ನೀವೂ ತಿದ್ದಿ ಕಮಿಟಿಗೆ ಕಳಿಸಿ, ಒಪ್ಪಿಗೆ ಸಿಗೋವರೆಗೆ ಮಾತ್ರ ಹಳೇದೇ ಬಳಸ್ಬೇಕು. ಓದೋಕೆ ಬರದವರಿದ್ರೆ ನಿಮ್ಮ ಟೀಮಿಗೆ ಸೇರದ ಸಾಕ್ಷಿ ಕೂರಿಸೋದು ಮರೀಬೇಡಿ.

ಗದಗಿನ_ಗೆಳೆಯ:
ನಮ್ಮವ್ವ ಹಿಂಗಽ ಒಂದ ಶುಗರ್ ಟ್ರಯಲ್‌ದಾಗ ಇದ್ಲು, ಮೂರನೇ ವಿಸಿಟಿಗೆ ಬಿಟ್ವಿ. ಯಾಕಂದ್ರ ಖಾಲಿ ಹೊಟ್ಟಿಲೆ ಬರ್ರಿ ಅಂತಾರ, ಗದಗದಿಂದ ಹುಬ್ಬಳ್ಳಿಗೆ ನಸಿಕಿನ್ಯಾಗ ಬಸ್ ಹತ್ತೀವಿ, ಅಲ್ಲಿ ಟೋಕನ್, ಲೈನು, ಹನ್ನೊಂದಾದ್ರೂ ರಕ್ತ ತಗೊಳ್ಳಂಗಿಲ್ಲ, ಅಕಿಗೆ ಕಣ್ಣಿಗೆ ಕತ್ತಲಿ ಬಂದು ಗ್ವಾಡಿ ಹಿಡಕೊಂಡು ಕುಂತ್ಲು. ಅಕಿಗೆ ಶಕ್ತಿ ಯೋಜನೆದಾಗ ಬಸ್ ಪುಕ್ಕಟ, ಆದ್ರ ಅಕಿ ಸಂಗಾಟ ಹೋಗೋ ನನ್ನ ದಿನದ ಪಗಾರ? ಪೇಷಂಟಿನ ಬಸ್ ಚಾರ್ಜ್ ಅಷ್ಟಽ ಕೊಟ್ರು, ನನಗೇನೂ ಇಲ್ಲ. ಮೊದ್ಲ ರಕ್ತ ತಗೊಂಡು ಒಂದ ಪ್ಲೇಟ್ ಉಪ್ಪಿಟ್ಟು ಕೊಟ್ಟಿದ್ರ ಇವತ್ತಿಗೂ ಹೋಗ್ತಿದ್ವಿ.

ಫೈಲ್_ಪುರಾಣ:
ಮುಕ್ಕಾಲು ಗಂಟೆ ಮಾತಾಡೋಕ್ ಮುಂಚೆ ಹಳೇ ಓಪಿಡಿ ಫೈಲ್ ನೋಡ್ತೀರಾ? ನಮ್ಮಲ್ಲಿ ಒಪ್ಪಿದವರಲ್ಲೂ ಎಷ್ಟೋ ಜನ ಕಿಡ್ನಿ ರಿಪೋರ್ಟ್ ಸರಿಯಿಲ್ಲ ಅಂತ ಸ್ಕ್ರೀನಿಂಗಲ್ಲೇ (ಸೇರಿಸ್ಕೊಳ್ಳೋಕ್ ಮುಂಚಿನ ಟೆಸ್ಟ್) ಹೊರಗೆ, ಅವರ ಟೈಮೂ ಹಾಳು ನಮ್ಮ ಟೈಮೂ ಹಾಳು. ಬ್ರಿಟನ್‌ನ ರಿಕವರಿ ಟ್ರಯಲ್ 2020ರಲ್ಲಿ ಎರಡು ತಿಂಗಳ ಆಸುಪಾಸಲ್ಲೇ 10,000 ಕೋವಿಡ್ ಪೇಷಂಟ್‌ಗಳನ್ನ ಸೇರಿಸ್ತು, ಫಾರ್ಮ್ ಚಿಕ್ಕದು, ಎಕ್ಸ್‌ಟ್ರಾ ವಿಸಿಟ್ ಕಾಟ ಕಮ್ಮಿ, ವಾರ್ಡಿನ ಡಾಕ್ಟರೇ ಕೇಳೋರು. ಅವ್ರು ಅಡ್ಮಿಟ್ ಆಗಿದ್ದವರು ಬಿಡಿ, ನಿಮ್ಮ ಅಜ್ಜನ ಥರ ಬಸ್ಸಲ್ಲಿ ಬರೋರಲ್ಲ. ಆದ್ರೂ ವಿಸಿಟ್‌ಗಳನ್ನ ಮಾಮೂಲಿ ಚೆಕಪ್ ದಿನಕ್ಕೇ ಕೂರಿಸೋಕಾಗತ್ತಾ ನೋಡಿ.

ಓಪಿಡಿ_ಮೂಲೆ:
ಮೇಷ್ಟ್ರೇ, ಹಾಳೆ ತಿದ್ದೋಕೆ ಕೂತಿದೀನಿ, "ಚೀಟಿ ಎತ್ತಿದ ಹಾಗೆ" ಕದ್ದೆ. ಜೊತೆಗೆ ಬರೋರ ಖರ್ಚು ಸ್ಪಾನ್ಸರ್‌ಗೆ ಬರೆದಿದೀನಿ, ಅವರು ಒಪ್ಪಿದ್ರೂ ಕಮಿಟಿಗೆ ಹೋಗ್ಬೇಕು. ಫಾಸ್ಟಿಂಗ್‌ನವರನ್ನ ಮೊದಲು ಕಳಿಸಿ ಅಂತ ಲ್ಯಾಬ್‌ನವರನ್ನ ಕೇಳ್ದೆ, "ಟೋಕನ್ ಪ್ರಕಾರ ಬರ್ಲಿ ಮೇಡಂ" ಅಂದ್ರು. ನಾಳೆ ಮತ್ತೆ ಹೋಗ್ತೀನಿ.