ಅಲ್ಯೂಮಿನಿಯಂ ಫ್ರೇಮಿನ ಪಿಸ್ತೂಲಿನಲ್ಲಿ ಹಳಿಯ ಸವೆತ ಮತ್ತು ಬಿರುಕು: ಪ್ರಶ್ನೋತ್ತರ

ಪ್ರಶ್ನೆ

ಮಾನ್ಯರೇ, ನಾನು ಹಾಸನದ ಕಡೆಯವನು. ಹನ್ನೊಂದು ವರ್ಷಗಳಿಂದ ಅಮೆರಿಕದ ಟೆಕ್ಸಾಸಿನಲ್ಲಿದ್ದು, ವಾರಾಂತ್ಯಗಳಲ್ಲಿ ರೇಂಜಿಗೆ ಹೋಗಿ ಗುರಿ ಅಭ್ಯಾಸ ಮಾಡುವ ಹವ್ಯಾಸ ಬೆಳೆಸಿಕೊಂಡಿದ್ದೇನೆ. ಪೊಲೀಸ್ ಇಲಾಖೆಯೊಂದು ಬಳಸಿ ವಿಲೇವಾರಿ ಮಾಡಿದ್ದ ಬೆರೆಟಾ 92ಎಫ್‌ಎಸ್ ಪಿಸ್ತೂಲನ್ನು ಕಳೆದ ತಿಂಗಳು ಅಂಗಡಿಯೊಂದರಲ್ಲಿ ಕೊಂಡೆ. ಬಿಚ್ಚಿ ಒರೆಸುವಾಗ, ಸ್ಲೈಡ್ (ಗುಂಡು ಹಾರಿದಾಗ ಹಿಂದೆ ಮುಂದೆ ಸರಿಯುವ ಮೇಲಿನ ಉಕ್ಕಿನ ಭಾಗ) ಓಡಾಡುವ ಫ್ರೇಮಿನ (ಹಿಡಿಕೆಯಿರುವ ಕೆಳಭಾಗದ) ಹಳಿಗಳೆರಡರಲ್ಲೂ ಕಪ್ಪು ಹೋಗಿ ಬೆಳ್ಳಿಯಂತೆ ಹೊಳೆಯುವ ಪಟ್ಟೆಗಳು ಕಂಡವು. ಜೊತೆಗೆ ಟ್ರಿಗರ್ ಮೇಲ್ಭಾಗದಲ್ಲಿ, ಬ್ಯಾರೆಲ್ಲನ್ನು ಸ್ಲೈಡಿಗೆ ಬೆಸೆಯುವ ಲಾಕಿಂಗ್ ಬ್ಲಾಕ್ ಕೂರುವ ಜಾಗದ ಹತ್ತಿರ, ಕೂದಲೆಳೆಯಷ್ಟು ಸಣ್ಣ ಗೆರೆಯೊಂದಿದೆ. ಇದರಿಂದ ಎಷ್ಟು ಗುಂಡು ಹಾರಿಸಲಾಗಿದೆ ಎಂಬ ಲೆಕ್ಕ ಅಂಗಡಿಯವರ ಬಳಿ ಇಲ್ಲ. ಅಲ್ಯೂಮಿನಿಯಂ ಫ್ರೇಮು ಉಕ್ಕಿನಷ್ಟು ಬಾಳುವುದಿಲ್ಲ ಎಂದು ಕೇಳಿದ್ದೇನೆ. ಇದನ್ನು ಬಳಸಬಹುದೇ?

ಉತ್ತರ

ನೀವು ಕಂಡ ಎರಡು ಗುರುತುಗಳಲ್ಲಿ ಮೊದಲನೆಯದಕ್ಕೆ ಹೆದರಬೇಕಿಲ್ಲ, ಎರಡನೆಯದನ್ನು ಇತ್ಯರ್ಥಪಡಿಸಿಕೊಳ್ಳುವವರೆಗೆ ಒಂದು ಗುಂಡನ್ನೂ ಹಾರಿಸಬೇಡಿ.

ಹಳಿಯ ಮೇಲಿದ್ದ ಕಪ್ಪು ಬಣ್ಣವು ಬಳಿದದ್ದಲ್ಲ. ಫ್ರೇಮಿನ ಅಲ್ಯೂಮಿನಿಯಂ ಮೇಲ್ಮೈಯನ್ನೇ ವಿದ್ಯುತ್ತಿನ ಸಹಾಯದಿಂದ ಆಕ್ಸೈಡ್ ಆಗಿ ಪರಿವರ್ತಿಸಿ ಪಡೆದ, ಹೆಚ್ಚೆಂದರೆ ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿನಷ್ಟು ದಪ್ಪವಿರುವ ಗಡುಸಾದ ಪದರವದು. ಇದನ್ನು ಹಾರ್ಡ್ ಆನೊಡೈಸಿಂಗ್ ಎನ್ನುತ್ತಾರೆ. ಅದು ಗಟ್ಟಿ, ಆದರೆ ಮೊಟ್ಟೆಯ ಚಿಪ್ಪಿನಂತೆ ಪೆಡಸು. ಉಕ್ಕಿನ ಸ್ಲೈಡ್ ಉಜ್ಜುವ ಜಾಗದಲ್ಲಿ, ಹಳಿಯ ಉಬ್ಬುಗಳ ಮೇಲಿನ ಪದರವು ಮೊದಲ ಕೆಲವು ನೂರು ಗುಂಡುಗಳಲ್ಲೇ ತೆಳುವಾಗಿ ಒಳಗಿನ ಲೋಹ ಇಣುಕುತ್ತದೆ, ಆಮೇಲೆ ಭಾರವು ಅಗಲವಾದ ಮೈಗೆ ಹಂಚಿಹೋಗಿ ಸವೆತ ಬಹುಮಟ್ಟಿಗೆ ನಿಂತುಬಿಡುತ್ತದೆ. ಉಗುರಿನಿಂದ ಹಳಿಯುದ್ದಕ್ಕೂ ಸವರಿ ನೋಡಿ. ಮೆಟ್ಟಿಲಿನಂತೆ ಉಗುರು ತಡೆದರೆ, ಒಂದು ಬದಿಯ ಹಳಿ ಮಾತ್ರ ಹೆಚ್ಚು ಸವೆದಿದ್ದರೆ, ಅಥವಾ ಒರೆಸಿದ ಬಟ್ಟೆಗೆ ಬೂದುಬಣ್ಣದ ಲೋಹದ ಪುಡಿ ಅಂಟಿ ಬಂದರೆ ಅದು ಸಹಜ ಸವೆತವಲ್ಲ. ಎಣ್ಣೆಯಿಲ್ಲದೆ ಒಣಗಿದ ಸ್ಲೈಡ್ ಹಳಿಯನ್ನು ಕಿತ್ತು ತನ್ನ ಮೈಗೆ ಅಂಟಿಸಿಕೊಂಡಿದೆ ಎಂದರ್ಥ. ತೆಳು ಎಣ್ಣೆ ಹರಿದುಹೋಗುವುದರಿಂದ ಅಲ್ಯೂಮಿನಿಯಂ ಹಳಿಗೆ ನಾನು ಗ್ರೀಸನ್ನೇ ಹಚ್ಚುತ್ತೇನೆ.

ಇನ್ನು ಗೆರೆಯ ವಿಚಾರ. ನಿಮ್ಮ ಪಿಸ್ತೂಲಿನ ಫ್ರೇಮು 7075 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ್ದು. ವಿಮಾನಗಳ ಭಾಗಗಳಿಗೂ ಬಳಸುವ ಈ ಲೋಹವು ಬಲದಲ್ಲಿ ಸಾಮಾನ್ಯ ಉಕ್ಕಿಗೆ ಹತ್ತಿರವಿದ್ದು, ತೂಕದಲ್ಲಿ ಅದರ ಮೂರನೆಯ ಒಂದು ಪಾಲಿಗಿಂತ ಸ್ವಲ್ಪವೇ ಹೆಚ್ಚಿದೆ. ಅಷ್ಟಾದರೂ ಒಂದು ಕೊರತೆಯುಂಟು. ಉಕ್ಕಿಗೆ ನಿರ್ದಿಷ್ಟ ಮಿತಿಯೊಂದಿದೆ. ಅದರೊಳಗಿನ ಹೊಡೆತವನ್ನು ಎಷ್ಟು ಲಕ್ಷ ಸಲ ತಿಂದರೂ ಅದು ದಣಿಯುವುದಿಲ್ಲ. ಅಲ್ಯೂಮಿನಿಯಂ ಮಿಶ್ರಲೋಹಗಳಿಗೆ ಅಂಥ ಖಚಿತ ಮಿತಿಯಿಲ್ಲ. ಪ್ರತಿ ಹೊಡೆತವೂ ಲೆಕ್ಕಕ್ಕೆ ಸೇರುತ್ತಾ ಹೋಗಿ, ಒಂದು ದಿನ ಮೂಲೆಯಲ್ಲೋ ರಂಧ್ರದ ಅಂಚಿನಲ್ಲೋ ಬಿರುಕು ಹುಟ್ಟುತ್ತದೆ. ಆದ್ದರಿಂದ ಇಂಥ ಫ್ರೇಮಿನ ಆಯುಸ್ಸನ್ನು ವರ್ಷಗಳಲ್ಲಿ ಎಣಿಸದೆ ಹಾರಿಸಿದ ಗುಂಡುಗಳಲ್ಲಿ ಎಣಿಸಬೇಕು. ಇದು ಅಲ್ಯೂಮಿನಿಯಮ್ಮಿನ ದೋಷವೆಂದು ಮೂಗು ಮುರಿಯುವವರಿದ್ದಾರೆ. ಇದೇ ಫ್ರೇಮು ಉಕ್ಕಿನದಾಗಿದ್ದರೆ ದಿನವಿಡೀ ಸೊಂಟದಲ್ಲಿ ಹೊರುವ ಪೊಲೀಸರು ಏನೆನ್ನುತ್ತಿದ್ದರು ಎಂಬುದನ್ನೂ ಅವರು ಕೇಳಬೇಕು.

ಹೊಡೆತ ಬೀಳುವುದು ಎಲ್ಲಿಗೆ ಎಂದು ತಿಳಿದರೆ ಬಿರುಕನ್ನು ಹುಡುಕಬೇಕಾದ ಜಾಗವೂ ತಿಳಿಯುತ್ತದೆ. ಗುಂಡು ಹಾರಿದಾಗ ಬ್ಯಾರೆಲ್ ಮತ್ತು ಸ್ಲೈಡ್ ಒಂದಕ್ಕೊಂದು ಬೆಸೆದುಕೊಂಡೇ ಸ್ವಲ್ಪ ದೂರ ಹಿಂದೆ ಸರಿಯುತ್ತವೆ. ಆಮೇಲೆ ಬ್ಯಾರೆಲ್ಲಿನ ಕೆಳಗಿರುವ ಲಾಕಿಂಗ್ ಬ್ಲಾಕ್ ಕೆಳಗಿಳಿದು, ತನ್ನ ಎರಡು ರೆಕ್ಕೆಗಳನ್ನು ಸ್ಲೈಡಿನಿಂದ ಬಿಡಿಸಿಕೊಂಡು, ಫ್ರೇಮಿಗೆ ತಾಗಿ ನಿಲ್ಲುತ್ತದೆ. ಸ್ಲೈಡ್ ಒಂದೇ ಹಿಂದಕ್ಕೆ ಹೋಗಿ ಫ್ರೇಮಿಗೆ ಬಡಿಯುತ್ತದೆ. ಅಂದರೆ ಫ್ರೇಮಿಗೆ ಪ್ರತಿ ಗುಂಡಿಗೂ ಎರಡು ಗುದ್ದು. ಹಳಿಗಳು ಸ್ಲೈಡಿಗೆ ದಾರಿ ತೋರಿಸುತ್ತವೆಯೇ ಹೊರತು ಈ ಗುದ್ದುಗಳಲ್ಲಿ ಹೆಚ್ಚಿನ ಪಾಲನ್ನು ಹೊರುವುದಿಲ್ಲ. ಆದ್ದರಿಂದ ಹೊಳೆಯುವ ಹಳಿಗಿಂತ ಬ್ಲಾಕ್ ತಾಗುವ ಮೂಲೆಯೇ ಮುಖ್ಯ.

ಈ ಬಗೆಯ ಬೀಗವು ಜರ್ಮನಿಯ ವಾಲ್ಥರ್ ಪಿ38 ಪಿಸ್ತೂಲಿನಿಂದ ಬಂದದ್ದು. ಯುದ್ಧಾನಂತರ 1957ರಿಂದ ಪಶ್ಚಿಮ ಜರ್ಮನಿಯ ಸೇನೆಗೆ ಆ ಪಿಸ್ತೂಲನ್ನು ಅಲ್ಯೂಮಿನಿಯಂ ಫ್ರೇಮಿನಲ್ಲಿ ತಯಾರಿಸಿಕೊಡತೊಡಗಿದರು, 1963ರಲ್ಲಿ ಅದಕ್ಕೆ ಪಿ1 ಎಂಬ ಹೆಸರು ಬಂತು. ಫ್ರೇಮಿನಲ್ಲಿ ಇದೇ ಜಾಗ ದುರ್ಬಲವೆಂದು ಕಂಡುಬಂದಾಗ, 1970ರ ದಶಕದಲ್ಲಿ ಅಲ್ಲಿಗೆ ಅಡ್ಡಲಾಗಿ ಆರು ಮೂಲೆಯ ಉಕ್ಕಿನ ಬೋಲ್ಟ್ ಒಂದನ್ನು ಕೂರಿಸಿ, ಗುದ್ದನ್ನು ಅಲ್ಯೂಮಿನಿಯಮ್ಮಿನ ಬದಲು ಉಕ್ಕು ತಡೆಯುವಂತೆ ಮಾಡಿದರು. ಹಳೆಯ ಪಿ1 ಕೈಗೆ ಸಿಕ್ಕರೆ ಟ್ರಿಗರ್ ಮೇಲ್ಭಾಗದಲ್ಲಿ ಆ ಬೋಲ್ಟ್ ಇದೆಯೇ ಎಂದು ನೋಡಿ. ನೀವು ಗೆರೆ ಕಂಡಿರುವುದೂ ಬಹುತೇಕ ಅದೇ ಜಾಗ.

ಈಗ ಮಾಡಬೇಕಾದದ್ದು ಇಷ್ಟು. ಮ್ಯಾಗಝೀನ್ ತೆಗೆದು, ತೋಟಾ ಕೂರುವ ಚೇಂಬರ್ ಖಾಲಿಯಿದೆ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು ಬಿಚ್ಚಿ. ಜಿಡ್ಡು ಪೂರ್ತಿ ಹೋಗುವಂತೆ ತೊಳೆದು ಒಣಗಿಸಿ. ವೆಲ್ಡಿಂಗ್ ಸಾಮಾನಿನ ಅಂಗಡಿಗಳಲ್ಲಿ ಡೈ ಪೆನೆಟ್ರಂಟ್ ಎಂಬ ಕೆಂಪು ದ್ರಾವಣದ ಡಬ್ಬಿಗಳು ಸಿಗುತ್ತವೆ. ಅದನ್ನು ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ಒರೆಸಿ, ಜೊತೆಗೆ ಕೊಡುವ ಬಿಳಿ ಪುಡಿಯನ್ನು ಸಿಂಪಡಿಸಿ. ಬಿರುಕಿದ್ದರೆ ಒಳಗೆ ಇಳಿದ ಕೆಂಪು ಬಿಳಿಯ ಮೇಲೆ ಜಿನುಗುತ್ತದೆ. ಗೀರಾಗಿದ್ದರೆ ಏನೂ ಕಾಣುವುದಿಲ್ಲ. ಇದೇ ಪರೀಕ್ಷೆಯನ್ನು ಲಾಕಿಂಗ್ ಬ್ಲಾಕಿನ ರೆಕ್ಕೆಗಳ ಬುಡಕ್ಕೂ, ಸ್ಲೈಡಿನಲ್ಲಿ ಆ ರೆಕ್ಕೆಗಳು ಕೂರುವ ಕಚ್ಚುಗಳಿಗೂ ಮಾಡಿ.

ಮರುಪ್ರಶ್ನೆ

ತಾವು ಹೇಳಿದಂತೆ ಮಾಡಿದೆ. ಫ್ರೇಮಿನ ಗೆರೆಯಲ್ಲಿ ಕೆಂಪು ಜಿನುಗಲಿಲ್ಲ. ಆದರೆ ಲಾಕಿಂಗ್ ಬ್ಲಾಕಿನ ಎಡರೆಕ್ಕೆಯ ಬುಡದಲ್ಲಿ ಸ್ಪಷ್ಟವಾದ ಕೆಂಪು ಗೆರೆ ಮೂಡಿತು. ಸ್ಲೈಡಿನಲ್ಲಿ ಏನೂ ಇಲ್ಲ. ಈ ಪಿಸ್ತೂಲಿನ ಸ್ಲೈಡ್ ಮುರಿದು ಮುಖಕ್ಕೆ ಹಾರಿದ ಘಟನೆಗಳಿವೆ ಎಂದು ಸ್ನೇಹಿತರು ಹೇಳಿ ಹೆದರಿಸಿದ್ದಾರೆ.

ಉತ್ತರ

ನಿಮ್ಮ ಅದೃಷ್ಟ ಚೆನ್ನಾಗಿದೆ. ಬ್ಲಾಕ್ ಬದಲಿಸಬಹುದಾದ ಭಾಗ, ಫ್ರೇಮ್ ಹಾಗಲ್ಲ. ಬಿರುಕು ಬಿಟ್ಟ ರೆಕ್ಕೆ ಮುರಿದುಬಿದ್ದರೆ ಚೂರು ಒಳಗೆ ಸಿಕ್ಕಿ ಸ್ಲೈಡ್ ಕಚ್ಚಿಕೊಳ್ಳುತ್ತದೆ, ಉಳಿದ ಒಂದೇ ರೆಕ್ಕೆಯ ಮೇಲೆ ಭಾರವೆಲ್ಲ ಓರೆಯಾಗಿ ಬಿದ್ದು ಫ್ರೇಮಿಗೂ ಪೆಟ್ಟಾಗುತ್ತದೆ. ಹೊಸ ವಿನ್ಯಾಸದ ಬ್ಲಾಕುಗಳಲ್ಲಿ ರೆಕ್ಕೆಯ ಬುಡದ ಚೂಪು ಮೂಲೆಯನ್ನು ದುಂಡಾಗಿಸಿದ್ದಾರೆ; ಅದನ್ನೇ ಕೇಳಿ ಕೊಳ್ಳಿ, ಕೂರಿಸಲು ಅರ ಹಿಡಿದು ಉಜ್ಜಬೇಡಿ.

ಸ್ನೇಹಿತರು ಹೇಳಿದ್ದು ಸುಳ್ಳಲ್ಲ, ಹಳೆಯದು. 1985ರಲ್ಲಿ ಅಮೆರಿಕದ ಸೇನೆ ಈ ಪಿಸ್ತೂಲನ್ನು ಎಂ9 ಎಂಬ ಹೆಸರಿನಲ್ಲಿ ಆರಿಸಿಕೊಂಡಿತು. 1987 ಮತ್ತು 1988ರಲ್ಲಿ ನೌಕಾಪಡೆಯ ಸೀಲ್ ಎಂಬ ವಿಶೇಷ ಪಡೆಯವರ ಕೈಯಲ್ಲಿ ಕೆಲವು ಸ್ಲೈಡುಗಳು ಲಾಕಿಂಗ್ ಬ್ಲಾಕಿನ ಕಚ್ಚಿನ ಬಳಿ ಎರಡಾಗಿ ಮುರಿದು, ಹಿಂಭಾಗವು ಹಾರಿಬಂದು ಗುಂಡು ಹಾರಿಸುತ್ತಿದ್ದವರ ಮುಖಕ್ಕೆ ಗಾಯವಾಯಿತು. ಉಕ್ಕಿನ ದೋಷವೆಂದು ಒಂದು ಪಕ್ಷ, ಮಿತಿಮೀರಿದ ಒತ್ತಡದ ತೋಟಾಗಳೆಂದು ಇನ್ನೊಂದು ಪಕ್ಷ ವಾದಿಸಿದವು. ಇಲ್ಲಿ ಮುರಿದದ್ದು ಉಕ್ಕಿನ ಸ್ಲೈಡೇ ಹೊರತು ಅಲ್ಯೂಮಿನಿಯಂ ಫ್ರೇಮಲ್ಲ ಎಂಬುದನ್ನು ಗಮನಿಸಿ. ಪರಿಹಾರವಾಗಿ ಗುಂಡು ಸಿಡಿಸುವ ಹ್ಯಾಮರನ್ನು ಹಿಡಿದಿರುವ ಪಿನ್ನಿನ ತಲೆಯನ್ನು ದೊಡ್ಡದು ಮಾಡಿ, ಅದು ಸ್ಲೈಡಿನ ಕೆಳಗೆ ಕೊರೆದ ತೋಡಿನಲ್ಲಿ ಓಡಾಡುವಂತೆ ಮಾಡಿದರು. ಸ್ಲೈಡ್ ಮುರಿದರೂ ಹಿಂಭಾಗ ಆ ತಲೆಗೆ ತಡೆದು ನಿಲ್ಲುತ್ತದೆ. ನಿಮ್ಮ 92ಎಫ್‌ಎಸ್‌ನಲ್ಲಿ ಈ ತಡೆ ಇದೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ

ನಾನು ಬೆಂಗಳೂರಿನಿಂದ ಕೇಳುತ್ತಿದ್ದೇನೆ. ನಮ್ಮ ಇಶಾಪುರದ ಕಾರ್ಖಾನೆಯಲ್ಲಿ ತಯಾರಾಗುವ 9 ಮಿ.ಮೀ. ಪಿಸ್ತೂಲಿಗೂ ಈ ತೊಂದರೆ ಇದೆಯೇ? ಬಿರುಕು ಬಿಟ್ಟ ಫ್ರೇಮನ್ನು ವೆಲ್ಡ್ ಮಾಡಿಸಿದರಾಗದೇ?

ಉತ್ತರ

ಇಶಾಪುರದ್ದು ಬ್ರೌನಿಂಗ್ ಹೈ-ಪವರ್ ಮಾದರಿ, ಅದರ ಫ್ರೇಮು ಉಕ್ಕಿನದು. ಆದ್ದರಿಂದ ಮೇಲೆ ಹೇಳಿದ ದಣಿವಿನ ಲೆಕ್ಕ ಅದಕ್ಕೆ ಹಾಗೆಯೇ ಅನ್ವಯಿಸುವುದಿಲ್ಲ. ಹಾಗೆಂದು ಎಲ್ಲ ಬಿರುಕೂ ಒಂದೇ ಅಲ್ಲ. ಕೋಲ್ಟ್ 1911 ಮಾದರಿಯ ಫ್ರೇಮುಗಳಲ್ಲಿ ಸ್ಲೈಡನ್ನು ಹಿಂದೆ ತಡೆದು ಹಿಡಿಯುವ ಸ್ಲೈಡ್ ಸ್ಟಾಪಿನ ಕಚ್ಚಿನ ಮೇಲಿದ್ದ ಹಳಿಯ ತೆಳುಪಟ್ಟಿ ಬಿರುಕು ಬಿಡುತ್ತಿತ್ತು. ಅದರಿಂದ ಕೆಲಸಕ್ಕೆ ಏನೂ ಅಡ್ಡಿಯಾಗುತ್ತಿರಲಿಲ್ಲವಾದ್ದರಿಂದ ಕಂಪನಿಯವರು ಮುಂದೆ ಆ ಪಟ್ಟಿಯನ್ನೇ ಕತ್ತರಿಸಿ ತೆಗೆದು ತಯಾರಿಸಿದರು!

ವೆಲ್ಡಿಂಗ್ ಮಾತ್ರ ಬೇಡವೇ ಬೇಡ. 7075 ಮಿಶ್ರಲೋಹವು ಸಾಮಾನ್ಯ ವೆಲ್ಡಿಂಗಿಗೆ ಒಗ್ಗುವುದಿಲ್ಲ. ಬೆಸುಗೆ ಆರುವಾಗಲೇ ಪಕ್ಕದಲ್ಲಿ ಹೊಸ ಬಿರುಕು ಬೀಳುತ್ತದೆ, ಶಾಖಸಂಸ್ಕಾರದಿಂದ ಪಡೆದ ಬಲವೂ ಬಿಸಿಗೆ ಹೋಗುತ್ತದೆ. ಬ್ಲಾಕ್ ಕೂರುವ ಜಾಗದಲ್ಲಿ ಬಿರುಕು ಬಿಟ್ಟ ಫ್ರೇಮನ್ನು ತಯಾರಕರಿಗೆ ಕಳುಹಿಸಬೇಕು. ಅಮೆರಿಕದ ಕಾನೂನಿನಲ್ಲಿ ಕ್ರಮಸಂಖ್ಯೆಯಿರುವ ಫ್ರೇಮೇ ಬಂದೂಕೆಂದು ಗಣನೆಯಾಗುವುದರಿಂದ, ಅಂಗಡಿಯಲ್ಲಿ ಬೇರೆ ಫ್ರೇಮ್ ಕೊಳ್ಳುವುದೆಂದರೆ ಹೊಸ ಬಂದೂಕನ್ನೇ ಕೊಂಡಂತೆ.

ಮರುಪ್ರಶ್ನೆ

ಹೊಸ ಬ್ಲಾಕ್ ತರಿಸಿದ್ದೇನೆ. ಜೊತೆಗೆ ಇನ್ನೇನಾದರೂ ಬದಲಿಸಬೇಕೇ? ಹೆಚ್ಚು ಒತ್ತಡದ ಪ್ಲಸ್-ಪಿ ಗುರುತಿನ ತೋಟಾ ಬಳಸಬಹುದೇ?

ಉತ್ತರ

ಹಿಂದೆ ಬಂದ ಸ್ಲೈಡನ್ನು ಮತ್ತೆ ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗನ್ನು ಬದಲಿಸಿ. ಇಲಾಖೆಗಳು ವಿಲೇವಾರಿ ಮಾಡುವ ಪಿಸ್ತೂಲುಗಳಲ್ಲಿ ನಾನು ಮೊದಲು ನೋಡುವುದೇ ಅದನ್ನು. ಮೊದಲ ದಿನದ ಸ್ಪ್ರಿಂಗೇ ಉಳಿದಿರುವುದು ಅಪರೂಪವಲ್ಲ. ಅದು ಸೋತರೆ ಸ್ಲೈಡ್ ಇನ್ನೂ ಜೋರಾಗಿ ಫ್ರೇಮಿಗೆ ಬಡಿಯುತ್ತದೆ. ಹೊಸದರ ಪಕ್ಕದಲ್ಲಿ ಹಳೆಯದನ್ನು ಮೇಜಿನ ಮೇಲಿಡಿ, ಎಷ್ಟು ಗಿಡ್ಡವಾಗಿದೆ ಎಂಬುದು ನಿಮಗೇ ಕಾಣುತ್ತದೆ. ಮುಂದೆ 5,000 ಗುಂಡುಗಳೊಳಗೆ ಮತ್ತೆ ಬದಲಿಸಿ, ಆಗ ಬ್ಲಾಕಿನ ರೆಕ್ಕೆಗಳನ್ನೂ ಪರೀಕ್ಷಿಸಿ. ಸಾಮಾನ್ಯ 9 ಮಿ.ಮೀ. ತೋಟಾಕ್ಕೆ ಅಮೆರಿಕದ ಮಾನದಂಡವು ಚದರ ಅಂಗುಲಕ್ಕೆ 35,000 ಪೌಂಡ್ ಒತ್ತಡವನ್ನೂ ಪ್ಲಸ್-ಪಿ ತೋಟಾಕ್ಕೆ 38,500 ಪೌಂಡನ್ನೂ ಒಪ್ಪುತ್ತದೆ. ಪಿಸ್ತೂಲು ಅದನ್ನು ತಾಳಿಕೊಂಡೀತು. ಆದರೆ ಇತಿಹಾಸವೇ ಗೊತ್ತಿಲ್ಲದ ಫ್ರೇಮಿನಲ್ಲಿ ಅಭ್ಯಾಸಕ್ಕೆಂದು ಅದನ್ನು ಹಾರಿಸುವುದು ಅನಗತ್ಯ. ಮೊದಲ ಐವತ್ತು ಗುಂಡು ಸಾಮಾನ್ಯ ತೋಟಾದಲ್ಲೇ ಹಾರಿಸಿ, ಮತ್ತೆ ಬಿಚ್ಚಿ, ಫ್ರೇಮಿನ ಆ ಗೆರೆಯ ಮೇಲೆ ಇನ್ನೊಮ್ಮೆ ಕೆಂಪು ದ್ರಾವಣ ಹಚ್ಚಿ ನೋಡಿದ ಮೇಲೆ ಇಲ್ಲಿ ತಿಳಿಸಿ.