ಪದಚರ್ಚೆ: ಮನಸ್ಸಿನ ಗಾಯ ಮಾಯುತ್ತದೆಯೇ, ಆರುತ್ತದೆಯೇ?

ಗೆಳೆಯರೇ,

ಎರಡು ಪದಗಳ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಇಂಗ್ಲಿಷಿನವರು ಟ್ರಾಮಾ, ಹೀಲಿಂಗ್ ಅನ್ನುತ್ತಾರಲ್ಲ, ಅವಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ.

ಯಾಕೆ ಬೇಕು ಅಂತ ಮೊದಲು ಹೇಳುತ್ತೇನೆ. ನನ್ನ ಅಕ್ಕ ಎರಡು ವರ್ಷದ ಹಿಂದೆ ಒಂದು ಬಸ್ ಅಪಘಾತದಿಂದ ಪಾರಾಗಿ ಬಂದಳು. ಕೈಮೂಳೆ ಮುರಿದಿತ್ತು, ಕೂಡಿಕೊಂಡಿತು. ಆದರೆ ಇವತ್ತಿಗೂ ರಸ್ತೆಯಲ್ಲಿ ಲಾರಿ ಬ್ರೇಕ್ ಹಾಕಿದ ಸದ್ದು ಕೇಳಿದರೆ ಕೈಯಲ್ಲಿದ್ದ ಪಾತ್ರೆ ಜಾರಿ ಬೀಳುತ್ತದೆ. ವೈದ್ಯರ ಹತ್ತಿರ ಹೋಗುತ್ತಿದ್ದಾಳೆ. ಅದರ ಜೊತೆಗೆ ಓದಲಿ ಅಂತ ಮಗಳು ನಾಲ್ಕು ಇಂಗ್ಲಿಷ್ ಪುಸ್ತಕ ತಂದುಕೊಟ್ಟಳು. ಅಕ್ಕನಿಗೆ ಇಂಗ್ಲಿಷ್ ಓದಿ ರೂಢಿಯಿಲ್ಲ. ಹಾಗಾಗಿ ಭಾನುವಾರ ಊಟವಾದ ಮೇಲೆ ನಾನು ಒಂದೊಂದೇ ಪುಟ ಓದಿಕೊಂಡು ಕನ್ನಡದಲ್ಲಿ ಹೇಳುತ್ತೇನೆ. ಅವಳು ಅವರೆಕಾಯಿ ಬಿಡಿಸುತ್ತಾ ಕೇಳುತ್ತಾಳೆ.

ಮೊದಲ ದಿನ ಟ್ರಾಮಾ ಅಂತಲೇ ಹೇಳಿದೆ. "ಅದು ಆಸ್ಪತ್ರೆ ಬೋರ್ಡಲ್ಲಿ ಇರುತ್ತಲ್ಲ, ಆ್ಯಕ್ಸಿಡೆಂಟ್ ಆದವರನ್ನ ಕರ್ಕೊಂಡು ಹೋಗೋ ಜಾಗ?" ಅಂದಳು. ಸರಿಯಾಗಿಯೇ ಹೇಳಿದಳು. ನಮ್ಮಲ್ಲಿ 'ಟ್ರಾಮಾ ಕೇರ್ ಸೆಂಟರ್' ಅಂದರೆ ತಲೆಗೆ ಪೆಟ್ಟು ಬಿದ್ದವರು, ಕಾಲು ಮುರಿದವರು ಹೋಗುವ ಜಾಗ. ಮೂಲ ಗ್ರೀಕಿನಲ್ಲೂ ಆ ಪದಕ್ಕೆ ಗಾಯ ಅಂತಲೇ ಅರ್ಥ. ವೈದ್ಯರು ಬಹಳ ಕಾಲ ಅದನ್ನು ಮೈಗಾದ ಗಾಯಕ್ಕೇ ಬಳಸುತ್ತಿದ್ದರು. ಮನಸ್ಸಿಗೆ ಆದದ್ದಕ್ಕೂ ಅದೇ ಪದ ಅಂತ ಆದದ್ದು 19ನೇ ಶತಮಾನದ ಕೊನೆಯ ಹೊತ್ತಿಗೆ. ಇಂಥ ಪೆಟ್ಟಿನ ನಂತರ ಮನಸ್ಸಿನಲ್ಲಿ ಉಳಿಯುವ ಕಾಯಿಲೆಗೆ ಪಿಟಿಎಸ್‌ಡಿ ಅನ್ನೋ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ.

ಪತ್ರಿಕೆಗಳು, ಅನುವಾದಕರು ಸಾಮಾನ್ಯವಾಗಿ ಬರೆಯೋದು 'ಆಘಾತ'. ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. ಆಘಾತ ಅಂದರೆ ಪೆಟ್ಟು ಬಿದ್ದ ಆ ಕ್ಷಣ. ಹೃದಯಾಘಾತ, ವಿದ್ಯುತ್ ಆಘಾತ, ಎಲ್ಲವೂ ಆ ಹೊತ್ತಿನವು. ಕ್ರಿಕೆಟ್ ವರದಿಯಲ್ಲಿ ಎರಡು ವಿಕೆಟ್ ಬೇಗ ಬಿದ್ದರೆ 'ಆರಂಭಿಕ ಆಘಾತ' ಅಂತಾರೆ, ಸಂಜೆಯ ಹೊತ್ತಿಗೆ ತಂಡ ಅದನ್ನು ದಾಟಿಯೂ ಇರುತ್ತದೆ. ಈ ಪುಸ್ತಕಗಳು ಹೇಳೋದು ಪೆಟ್ಟಿನ ಬಗ್ಗೆ ಅಲ್ಲ, ಪೆಟ್ಟು ಬಿದ್ದು ಹೋದ ಮೇಲೆ ಒಳಗೆ ಉಳಿದದ್ದರ ಬಗ್ಗೆ. ಬಸ್ಸು ಮಗುಚಿದ್ದು ಆಘಾತ. ಎರಡು ವರ್ಷವಾದರೂ ಪಾತ್ರೆ ಜಾರಿ ಬೀಳುತ್ತದಲ್ಲ, ಅದಕ್ಕೆ ಏನನ್ನೋಣ?

ನನಗೆ ತೋಚಿದ್ದು 'ಗಾಯ'. ಗಾಯ ಸಂಸ್ಕೃತದ 'ಘಾತ'ದ ತದ್ಭವ. ಅಂದರೆ ಆಘಾತವೂ ಗಾಯವೂ ಒಂದೇ ಬೇರಿನವು. ಒಂದು ಪುಸ್ತಕದ ದಾರಿಯಲ್ಲಿ ಬಂತು, ಇನ್ನೊಂದು ಜನರ ಬಾಯಲ್ಲಿ ಸವೆದು ಬಂತು. ಬಾಯಲ್ಲಿ ಸವೆದದ್ದಕ್ಕೆ ಪೆಟ್ಟಿನ ಗುರುತು ಉಳಿದುಕೊಳ್ಳುವ ಅರ್ಥ ಬಂದಿದೆ ನೋಡಿ. ಮನಸ್ಸಿನ ಗಾಯ ಅಂದರೆ ಅಕ್ಕನಿಗೆ ವಿವರಣೆಯೇ ಬೇಕಾಗಲಿಲ್ಲ. 'ಘಾಸಿ' ಕೂಡ ಇದೆ, ಮನಸ್ಸು ಘಾಸಿಗೊಂಡಿತು ಅಂತೇವೆ. ಆದರೆ ಅದು ಯಾರೋ ಒರಟಾಗಿ ಮಾತಾಡಿದ್ದಕ್ಕೂ ಸಲ್ಲುತ್ತದೆ. ಇಷ್ಟು ಆಳದ್ದಕ್ಕೆ ತೆಳುವಾಯಿತು ಅನ್ನಿಸುತ್ತದೆ.

ಇನ್ನು ಹೀಲಿಂಗ್. ನಾನು ನಿಜವಾಗಿ ಸಿಕ್ಕಿಹಾಕಿಕೊಂಡದ್ದು ಇಲ್ಲಿ.

ಕನ್ನಡದಲ್ಲಿ ಗಾಯ 'ಮಾಯುತ್ತದೆ'. 'ಆರುತ್ತದೆ' ಅಂತಲೂ ಅಂತೇವೆ. ಆರು ಅಂದರೆ ಒಣಗು, ತಣ್ಣಗಾಗು. ಹಸಿ ಗಾಯ ಆರಬೇಕು. ತಮಿಳಿನ ತಿರುಕ್ಕುರಳಿನ 129ನೇ ಕುರಳಿನಲ್ಲಿ ಇದೇ ಕ್ರಿಯಾಪದ ಬರುತ್ತದೆ. ಬೆಂಕಿ ಸುಟ್ಟ ಹುಣ್ಣು ಒಳಗೆ ಆರುತ್ತದೆ, ನಾಲಗೆ ಸುಟ್ಟ ಕಲೆ ಆರುವುದಿಲ್ಲ ಅನ್ನೋದು ಅದರ ಭಾವ. ಅಲ್ಲಿನ 'ಪುಣ್' ನಮ್ಮ ಹುಣ್ಣೇ. ಮೈಯ ಹುಣ್ಣಿನ ಮಾತನ್ನು ಮನಸ್ಸಿಗೆ ಹೇಳೋದು ನಮ್ಮ ನೆಲದಲ್ಲಿ ಅಷ್ಟು ಹಳೆಯದು. ಹೊಸದಾಗಿ ಪದ ಕಟ್ಟುವ ಅಗತ್ಯವೇ ಇಲ್ಲ, ಅಲ್ವಾ?

ಇಲ್ಲೇ ಒಂದು ಅಡ್ಡಮಾತು. 'ಮಾಸದ ಗಾಯ' ಅಂತ ಪತ್ರಿಕೆಗಳಲ್ಲಿ ಆಗಾಗ ನೋಡುತ್ತೇನೆ. ಮಾಸುವುದು ಬಣ್ಣ, ನೆನಪು, ಕಲೆ. ಗಾಯ ಮಾಯಬೇಕು. ಕಲೆ ಮಾಸದೆಯೂ ಗಾಯ ಮಾಯಬಹುದು. ಈ ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳೋಣ ಅಂತ ನನ್ನ ಕೋರಿಕೆ. ಅಕ್ಕನಂಥವರಿಗೆ ಈ ವ್ಯತ್ಯಾಸ ತುಂಬಾ ಬೇಕಾದದ್ದು.

ತೊಡಕು ಇರೋದು ವ್ಯಾಕರಣದಲ್ಲಿ. ಇಂಗ್ಲಿಷಿನಲ್ಲಿ ಗಾಯವೂ ಹೀಲ್ ಆಗುತ್ತದೆ, ಮನುಷ್ಯನೂ ಹೀಲ್ ಆಗುತ್ತಾನೆ, ತನ್ನನ್ನು ತಾನೇ ಹೀಲ್ ಮಾಡಿಯೂ ಕೊಳ್ಳುತ್ತಾನೆ. ಆ ಪದದ ಬೇರಿನಲ್ಲಿ 'ಇಡಿಯಾಗು' ಅನ್ನುವ ಅರ್ಥವಿದೆ, ಅದಕ್ಕೇ ಎಲ್ಲಕ್ಕೂ ಹೊಂದುತ್ತದೆ. ನಮ್ಮಲ್ಲಿ ಮಾಯುವುದು ಗಾಯ ಮಾತ್ರ. 'ನಾನು ಮಾಯುತ್ತಿದ್ದೇನೆ' ಅಂದರೆ ಕೇಳಿದವರಿಗೆ ನಾನು ಮಾಯವಾಗುತ್ತಿದ್ದೇನೆ ಅನ್ನಿಸಿ ಗಾಬರಿಯಾದೀತು. 'ನಿನ್ನನ್ನು ನೀನು ಗುಣಪಡಿಸಿಕೋ' ಅಂತ ಒಮ್ಮೆ ಹೇಳಿದೆ. ಅಕ್ಕನ ಕೈ ಅವರೆಕಾಯಿಯ ಮೇಲೇ ನಿಂತಿತು. "ಅಂದ್ರೆ ಇಷ್ಟು ದಿನ ಗುಣ ಆಗ್ದೇ ಇದ್ದಿದ್ದು ನನ್ನ ತಪ್ಪಾ?" ಅಂದಳು. ನನ್ನ ಅನುವಾದ ಅವಳಿಗೆ ಚುಚ್ಚಿತ್ತು. ಆ ದಿನ ಪುಸ್ತಕ ಮುಚ್ಚಿಟ್ಟೆವು.

ಆಮೇಲೆ ಒಂದು ವಾರ ಯೋಚಿಸಿದೆ. ನಮ್ಮಲ್ಲಿ ಯಾರಾದರೂ ಹೆದರಿ, ಬಳಲಿ ಬಂದು ಕೂತರೆ ಏನಂತೇವೆ? ನೀರು ಕೊಟ್ಟು "ಕೂತ್ಕೊ, ಸ್ವಲ್ಪ ಸುಧಾರಿಸ್ಕೊ" ಅಂತೇವೆ. ಈ 'ಸುಧಾರಿಸಿಕೊಳ್ಳು' ನನಗೆ ಬಹಳ ಹಿಡಿಸಿದೆ. ಭೂಸುಧಾರಣೆ, ಸಮಾಜ ಸುಧಾರಣೆ ಅನ್ನುವಾಗಿನ ಅರ್ಥವೇ ಬೇರೆ. 'ಕೊಳ್ಳು' ಸೇರಿದ ಕೂಡಲೇ ಅದು ಒಳಗಿನ ಕೆಲಸವಾಗುತ್ತದೆ. ಅವಸರವಿಲ್ಲ, ತಪ್ಪು ಹೊರಿಸೋದಿಲ್ಲ, ಜೊತೆಗೆ ಒಬ್ಬರು ನೀರು ಹಿಡಿದು ನಿಂತಿರುತ್ತಾರೆ. ಮೆಟ್ಟಿಲು ಹತ್ತಿ ಬಂದವರಿಗೂ ಅದೇ ಮಾತು, ಹಗುರವಾಯಿತಲ್ಲ ಅಂತ ಕೆಲವರು ಹೇಳಬಹುದು. 'ಚೇತರಿಸಿಕೊಳ್ಳು' ಅದಕ್ಕಿಂತ ತೂಕದ್ದು, ಬರಹಕ್ಕೆ ಒಗ್ಗುತ್ತದೆ. ಆದರೆ ಮಾರುಕಟ್ಟೆಯ ಸೂಚ್ಯಂಕವೂ ದಿನಾ ಚೇತರಿಸಿಕೊಳ್ಳುತ್ತದೆ. ಸದ್ಯ ನಾನು ಗಾಯಕ್ಕೆ 'ಮಾಯು', ಮನುಷ್ಯರಿಗೆ 'ಸುಧಾರಿಸಿಕೊಳ್ಳು' ಅಂತ ಇಟ್ಟುಕೊಂಡಿದ್ದೇನೆ.

ಲಾರಿ ಬ್ರೇಕಿನ ಸದ್ದಿನ ಹಾಗೆ ಹಳೆಯ ಹೆದರಿಕೆಯನ್ನು ಮತ್ತೆ ಎಬ್ಬಿಸುವುದಕ್ಕೆ ಇಂಗ್ಲಿಷಿನವರು ಟ್ರಿಗರ್ ಅಂತಾರೆ. ಅದಕ್ಕೆ 'ಪ್ರಚೋದನೆ' ಬೇಡವೇ ಬೇಡ. ಅದನ್ನು ಕೇಳಿದರೆ ಪ್ರಚೋದನಕಾರಿ ಭಾಷಣ ನೆನಪಾಗುತ್ತದೆ. ಹಳೇ ಗಾಯ 'ಕೆದಕು' ಅನ್ನೋದು ಸಿದ್ಧವಾಗಿಯೇ ಇದೆ, ಬೆಚ್ಚಿ ಬೀಳುವುದಕ್ಕೆ 'ಬೆಚ್ಚು' ಇದೆ. ಹೊಲದ ಬೆರ್ಚಪ್ಪನಲ್ಲಿ ಇರೋದೂ ಅದೇ ಪದದ ಹಳೆಯ ರೂಪ, ಬೆರ್ಚು. ಅಕ್ಕನಿಗೆ ನಾನು ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಹೇಳಿದೆ. ಒಮ್ಮೆ ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡದ್ದು ಆಮೇಲೆ ತಣ್ಣನೆ ಹಾಲು ಕಂಡರೂ ಓಡುತ್ತದಲ್ಲ, ಅದು. ಮಕ್ಕಳಾಗಿದ್ದಾಗ ನಾವು ರಾಮಕೃಷ್ಣನ ಜಾಣತನಕ್ಕೆ ನಗುತ್ತಿದ್ದೆವು. ಈ ಸಲ ಅಕ್ಕ ನಗಲಿಲ್ಲ. "ಪಾಪ, ಅದಕ್ಕೆ ಹಾಲು ಕುಡಿಸೋಕೆ ಆಮೇಲೆ ಯಾರಾದ್ರೂ ಪ್ರಯತ್ನ ಮಾಡಿದ್ರಾ?" ಅಂತ ಕೇಳಿದಳು.

ಸೊಗಸಾದ ಕನ್ನಡ ಪದ ವೈದ್ಯರ ಬಳಕೆಗೂ ಬರಬಲ್ಲದು ಅನ್ನೋದಕ್ಕೆ 'ಗೀಳು' ಸಾಕ್ಷಿ. ಬೇಡವೆಂದರೂ ಅದೇ ಯೋಚನೆ ಮತ್ತೆ ಮತ್ತೆ ಬರುವ ಕಾಯಿಲೆಗೆ (ಒಸಿಡಿ) ಈಗ ಆ ಪದವೇ ಬಳಕೆಯಲ್ಲಿದೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲಿದ್ದ ಮನೋವೈದ್ಯ ಡಾ. ಸಿ. ಆರ್. ಚಂದ್ರಶೇಖರ್ ಅವರಂಥವರು ಮನೋರೋಗಗಳ ಬಗ್ಗೆ ಸರಳ ಕನ್ನಡದಲ್ಲಿ ಬರೆಯುತ್ತಾ ಬಂದದ್ದರಿಂದ ಇಂಥ ಪದಗಳು ನಮಗೆ ಹತ್ತಿರವಾದವು.

ಇನ್ನೊಂದು ಪುಸ್ತಕದ ಹೆಸರಿನ ಬಗ್ಗೆಯೂ ಕೇಳಬೇಕು. 2014ರಲ್ಲಿ ಬಂದ 'ದ ಬಾಡಿ ಕೀಪ್ಸ್ ದ ಸ್ಕೋರ್'. 'ಮೈ ಲೆಕ್ಕ ಇಡುತ್ತದೆ' ಅಂದೆ. "ಮನಸ್ಸು ಮರೆತ್ರೂ ಮೈ ಮರೆಯಲ್ಲ ಅನ್ನು" ಅಂದಳು ಅಕ್ಕ. 'ಮೈಮರೆ'ಗೆ ನಮ್ಮಲ್ಲಿ ಬೇರೆ ಅರ್ಥ ಇದೆ, ಆದರೂ ಅವಳ ಮಾತೇ ಚೆನ್ನಾಗಿದೆ ಅನ್ನಿಸಿತು.

ನಿಮ್ಮ ಕಡೆ ಏನಂತಾರೆ, ದಯವಿಟ್ಟು ತಿಳಿಸಿ. ಧಾರವಾಡ, ಕಲಬುರಗಿ, ಕುಂದಾಪುರದ ಕಡೆಯವರ ಮಾತು ಮುಖ್ಯವಾಗಿ ಬೇಕು. ಮನಸ್ಸಿನ ಗಾಯಕ್ಕೂ ಮಾಯು ಅಂತಲೇ ಅನ್ನುತ್ತೀರಾ? 'ಸುಧಾರಿಸ್ಕೊ' ಬದಲು ಮನೆಯಲ್ಲಿ ಬೇರೆ ಮಾತಿದೆಯಾ? ಮುಂದಿನ ಭಾನುವಾರ ನಾಲ್ಕನೇ ಅಧ್ಯಾಯ ಶುರು ಮಾಡಬೇಕು. ಅದು ನಿದ್ದೆಯಲ್ಲಿ ಬೆಚ್ಚುವವರ ಬಗ್ಗೆ ಇದೆ.